ಸಾಮಾನು ಕಟ್ಟುವಾಗ

ಕಳೆದ ಮೇ ತಿಂಗಳಲ್ಲಿ ನಾವು ಶಹಾಪುರದ ಮನೆ ಖಾಲಿ ಮಾಡಿದೆವು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ತಮ್ಮನಿಗೆ ಯಾದಗಿರಿಯಲ್ಲಿ ನೌಕರಿ, ನಾನು ಕಲಬುರಗಿಯ ಹಾಸ್ಟೆಲ್ಲಿನಲ್ಲಿ. ಹದಿನಾಲ್ಕು ವರ್ಷ ಬಾಡಿಗೆಗಿದ್ದ ಆ ಮನೆಯಲ್ಲಿ ಅವ್ವ ಒಬ್ಬಳೇ ಉಳಿದಿದ್ದಳು. ಬುದ್ಧ ಮಲಗಿದ ಬೆಟ್ಟ ಕಾಣುವ ಊರು ಬಿಟ್ಟು ಬರಲು ಅವಳಿಗೆ ಮನಸ್ಸಿರಲಿಲ್ಲ. ಆದರೂ ತಮ್ಮ ಗಾಡಿ ಗೊತ್ತು ಮಾಡಿದ ಮೇಲೆ ಸುಮ್ಮನಾದಳು.

ನಾಲ್ಕು ದಿನ ಮುಂಚೆಯೇ ನಾನು ಹೋದೆ. ಸಾಮಾನು ಕಟ್ಟುವುದು ನನಗೆ ಚೆನ್ನಾಗಿ ಬರುತ್ತದೆ ಎಂಬ ಜಂಬ ಇತ್ತು. ನನ್ನ ಪಿಎಚ್.ಡಿ. ಕೆಲಸ ಸುರಪುರ ಸೀಮೆಯ ಪ್ರಾಚೀನ ನೆಲೆಗಳ ಮೇಲೆ. ಮಡಕೆಯ ಚೂರುಗಳನ್ನು ಚೀಲಕ್ಕೆ ಹಾಕಿ, ಒಳಗೊಂದು ಹೊರಗೊಂದು ಚೀಟಿ ಇಟ್ಟು, ಯಾವ ಊರು, ಯಾವ ಗುಂಡಿ, ಎಷ್ಟು ಆಳ, ಯಾವ ದಿನ ಎಂದು ಬರೆಯುವುದು ನಮ್ಮ ಓದಿನ ಮೊದಲ ಪಾಠ. ಅಂಥವಳಿಗೆ ಮನೆಯ ತಾಟು ಲೋಟ ಯಾವ ಲೆಕ್ಕ?

ಕಿರಾಣಿ ಅಂಗಡಿಯಿಂದ ಖಾಲಿ ರಟ್ಟಿನ ಡಬ್ಬಿ ತಂದೆ. ಮಾರ್ಕರ್, ಟೇಪು, ಸುತಳಿ, ಒಂದು ನೋಟ್‌ಬುಕ್ಕು. ಡಬ್ಬಿಯ ಮೇಲ್ಭಾಗದಲ್ಲಿ ಬರೆದರೆ ಒಂದರ ಮೇಲೊಂದು ಇಟ್ಟಾಗ ಕಾಣುವುದಿಲ್ಲ, ಆದ್ದರಿಂದ ಎರಡು ಪಕ್ಕಕ್ಕೂ ಬರೆದೆ. ಪುಸ್ತಕಗಳನ್ನು ಸಣ್ಣ ಡಬ್ಬಿಗಳಿಗೇ ತುಂಬಿದೆ. ದೊಡ್ಡದಕ್ಕೆ ತುಂಬಿದರೆ ಎತ್ತುವಾಗ ತಳ ಹರಿಯುತ್ತದೆ. ಮಂಚ ಬಿಚ್ಚಿ, ಅದರ ಬೋಲ್ಟು ನಟ್ಟುಗಳನ್ನು ಸಣ್ಣ ಚೀಲದಲ್ಲಿ ಹಾಕಿ ಮಂಚದ ಕಾಲಿಗೇ ಕಟ್ಟಿದೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು.

“ಭಾರಿ ಹುಷಾರದಾಳ ನನ್ ಮಗಳು” ಎಂದಳು. ಹೊಗಳಿಕೆಯೋ ಚೇಷ್ಟೆಯೋ ತಿಳಿಯಲಿಲ್ಲ.

ಅವಳ ರೀತಿಯೇ ಬೇರೆ. ಹಳೆಯ ಪತ್ರಿಕೆ ಕೇಳಲಿಲ್ಲ, ಕೌದಿ ತೆಗೆದಳು. ಅಜ್ಜಿ ಹೊಲಿದ ಒಂದು, ತಾನು ಹೊಲಿದ ಮೂರು. ಒಂದರ ನಡುವೆ ಕನ್ನಡಿ, ಇನ್ನೊಂದರ ನಡುವೆ ಅಪ್ಪನ ಫೋಟೊ. ಕನ್ನಡಿಯನ್ನು ಮಲಗಿಸಬೇಡ, ನಿಲ್ಲಿಸು ಎಂದಳು. ಪಿಂಗಾಣಿ ತಾಟುಗಳನ್ನೂ ಹಾಗೆಯೇ, ಒಂದರ ಮೇಲೊಂದು ಪೇರಿಸದೆ, ಸೀರೆ ತುಂಡಿನಲ್ಲಿ ಸುತ್ತಿ ಸಾಲಾಗಿ ನಿಲ್ಲಿಸಿದಳು. ಗಾಡಿ ಕುಲುಕಿದಾಗ ಮಲಗಿದ್ದಕ್ಕೆ ಮೇಲಿನ ಭಾರವೆಲ್ಲ ಬೀಳುತ್ತದೆ. ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಅದನ್ನು ಅರ್ಧ ತುಂಬಿದ ಜೋಳದ ಚೀಲದೊಳಗೆ ಕುತ್ತಿಗೆಯವರೆಗೆ ಹೂತಳು. ಜೋಳವೂ ಬಂತು, ಭರಣಿಯೂ ಬಂತು.

“ಏನೇನದ ಅಂತ ಬರಿಯಾಕತ್ತಿ. ಹೋದ ಕೂಡ್ಲೆ ಏನ್ ಬೇಕು, ಅದನ್ನ ಬರದಿ ಏನು?” ಎಂದು ಕೇಳಿದಳು.

ಬರೆದಿರಲಿಲ್ಲ. ಅವಳೊಂದು ಕೈಚೀಲ ಬೇರೆ ಇಟ್ಟಳು. ಕಡ್ಡಿಪೆಟ್ಟಿಗೆ, ಚಹಾಪುಡಿ, ಸಕ್ಕರೆ, ಒಂದು ಪಾತ್ರೆ, ಮೂರು ಲೋಟ, ಚಾಕು, ತನ್ನ ಬಿ.ಪಿ. ಗುಳಿಗೆ, ದೇವರ ದೀಪ, ಒಂದು ಟಾವೆಲ್. ರೇಷನ್ ಕಾರ್ಡು, ಪಾಸ್‌ಬುಕ್ಕು, ಅಪ್ಪನ ಪಿಂಚಣಿ ಕಾಗದಗಳು ಯಾವ ಡಬ್ಬಿಗೂ ಹೋಗಲಿಲ್ಲ, ಅವು ಅವಳ ಕಂಕುಳಲ್ಲಿದ್ದವು.

ಈ ಬುದ್ಧಿ ಅವಳಿಗೆ ಪುಕ್ಕಟೆ ಬಂದದ್ದಲ್ಲ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ. ನಾನು ಎಂಟನೇತ್ತೆ ಮುಗಿಸಿದ ವರ್ಷ ಸುರಪುರದಿಂದ ಶಹಾಪುರಕ್ಕೆ ವರ್ಗವಾಯಿತು. ಆಗ ಒಂದು ಟ್ರ್ಯಾಕ್ಟರಿನಲ್ಲಿ ಇಡೀ ಮನೆ ಬಂದಿತ್ತು. ಬೀಸುಕಲ್ಲು ಮಾತ್ರ ಬರಲಿಲ್ಲ. “ಓಣಿಗೊಂದು ಗಿರಣಿ ಅದ, ಆ ಕಲ್ಲ್ಯಾಕ?” ಎಂದು ಅಪ್ಪ ಅದನ್ನು ಹಿತ್ತಲಲ್ಲೇ ಬಿಡಿಸಿದರು. ಅದು ಅವ್ವನ ತವರಿನ ಕಲ್ಲು. ಅವಳು ಜಗಳ ಮಾಡಲಿಲ್ಲ. ಆದರೆ ಹದಿನಾಲ್ಕು ವರ್ಷದಲ್ಲಿ ಸುರಪುರದ ಮಾತು ಬಂದಾಗಲೆಲ್ಲ ಆ ಕಲ್ಲು ಒಮ್ಮೆ ಬಂದೇ ಬರುತ್ತಿತ್ತು.

ನಾವು ಓದುವ ಶಾಸ್ತ್ರವೇ ಹೀಗೆ ಬಿಟ್ಟುಹೋದ ಕಲ್ಲುಗಳದ್ದು. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಅವರ ತಂಡ ಉತ್ಖನನ ಮಾಡಿದರು. ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಕಾಲ ಗುರುತಿಸಲಾದ ನೆಲೆ ಅದು. ಆದಿಮಾನವರು ಅಲ್ಲಿನ ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೈಗೊಡಲಿ ಮಾಡುತ್ತಿದ್ದರು. ಒಡೆದ ಚಕ್ಕೆ, ಅರ್ಧ ಮಾಡಿದ ಕಲ್ಲು, ಕುಟ್ಟುವ ಗುಂಡು ಬಿದ್ದ ಜಾಗದಲ್ಲೇ ಉಳಿದಿದ್ದರಿಂದ ಅಲ್ಲಿ ಏನು ನಡೆಯಿತೆಂದು ಇಂದು ಓದಬಹುದು. ಯಾರಾದರೂ ಅವನ್ನೆಲ್ಲ ಬಾಚಿ ಒಂದು ಬುಟ್ಟಿಗೆ ತುಂಬಿದ್ದರೆ ಬರೀ ಕಲ್ಲುರಾಶಿ.

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆಯಲ್ಲ, ಅದರಲ್ಲಿದ್ದ ಮೆಡೋಸ್ ಟೇಲರ್‌ಗೆ ಇದು 1850ರ ದಶಕದಲ್ಲೇ ಹೊಳೆದಿತ್ತು. ನಮ್ಮ ಸೀಮೆಯ ಕಲ್ಗೋರಿಗಳನ್ನು ಅಗೆಸಿದಾಗ ಆತ ಮಡಕೆ, ಎಲುಬು ಎತ್ತಿಕೊಂಡು ಹೋಗಿ ಸುಮ್ಮನಾಗಲಿಲ್ಲ. ಗೋರಿಯನ್ನು ನಿಲುವಾಗಿ ಸೀಳಿದಂತೆ ಚಿತ್ರ ಬರೆದು, ಯಾವುದು ಯಾವ ಆಳದಲ್ಲಿ, ಯಾವುದರ ಪಕ್ಕ ಇತ್ತೆಂದು ತೋರಿಸಿದ. ವಸ್ತುವಿಗಿಂತ ಅದು ಇದ್ದ ಜಾಗ ಹೆಚ್ಚು ಮಾತಾಡುತ್ತದೆ. ಇದನ್ನು ನಾನು ಜೂನಿಯರ್‌ಗಳಿಗೆ ಹೇಳಿಕೊಡುತ್ತೇನೆ.

ಮೂರನೇ ದಿನ ಸಂಜೆ ಅಪ್ಪನ ಟೇಬಲ್ಲಿಗೆ ಬಂದೆ. ಅವ್ವ ಹಿಂದಿನ ಮನೆಯವರಿಗೆ ಹೇಳಿ ಬರಲು ಹೋಗಿದ್ದಳು. ಕತ್ತಲಾಗುತ್ತಿತ್ತು, ಮರುದಿನ ಬೆಳಿಗ್ಗೆ ಆರಕ್ಕೆ ಗಾಡಿ. ಟೇಬಲ್ಲಿನ ಡ್ರಾ ಎಳೆದೆ, ಎತ್ತಿ ಡಬ್ಬಿಯೊಳಗೆ ಬೋರಲು ಹಾಕಿದೆ. ಟೇಪು ಹಚ್ಚಿ ಬರೆದೆ: “ಡಬ್ಬಿ 17. ಅಪ್ಪ, ಇತರೆ.” ಒಂದು ನಿಮಿಷವೂ ಹಿಡಿಯಲಿಲ್ಲ.

ಮನೆ ಸಾಗಿಸಿದ್ದು ಸುಸೂತ್ರ. ಭೀಮಾ ಸೇತುವೆ ದಾಟಿ ಯಾದಗಿರಿ ಸೇರುವಾಗ ಒಂಬತ್ತು ಗಂಟೆ. ಹಮಾಲರು ಹೋಗುವ ಮೊದಲೇ ಅವ್ವನ ಕೈಚೀಲದಿಂದ ಚಹಾ ಆಗಿತ್ತು. ಒಂದು ಲೋಟ ಒಡೆಯಲಿಲ್ಲ. ನನ್ನ ನೋಟ್‌ಬುಕ್ಕಿನ ಪ್ರಕಾರ 23 ಡಬ್ಬಿ, 6 ಗೋಣಿಚೀಲ, ಎಲ್ಲಕ್ಕೂ ಲೆಕ್ಕ ಸಿಕ್ಕಿತು.

ಎರಡು ದಿನದ ಮೇಲೆ ಅವ್ವ ಡಬ್ಬಿ 17 ತೆರೆದಳು. ಬಹಳ ಹೊತ್ತು ಸದ್ದಿಲ್ಲ. ಹೋಗಿ ನೋಡಿದರೆ ನೆಲದ ಮೇಲೆ ಎಲ್ಲ ಹರವಿಕೊಂಡು ಕೂತಿದ್ದಳು. ಕನ್ನಡಕ, ಎರಡು ಪೆನ್ನು, ಬಸ್ ಟಿಕೇಟು, ಗುಳಿಗೆಯ ಹಾಳೆ, ರಬ್ಬರ್ ಬ್ಯಾಂಡು, ಶಾಲೆಯ ಸೀಮೆಸುಣ್ಣ, ಬೀಗದ ಕೈಗಳು.

“ಏನ್ ಹುಡುಕಾಕತ್ತಿ ಅವ್ವ?”

“ಏನೂ ಇಲ್ಲವ್ವ. ಅವ್ರು ಇಟ್ಟಿದ್ದು ಹಂಗs ಇತ್ತು.”

ಆಗ ತಿಳಿಯಿತು. ಅಪ್ಪ ದವಾಖಾನೆಗೆ ಹೋದ ದಿನ ಡ್ರಾ ಹೇಗಿತ್ತೋ, ಎರಡು ವರ್ಷ ಹಾಗೆಯೇ ಇತ್ತು. ಅವಳು ದಿನಾ ಟೇಬಲ್ ಒರೆಸುತ್ತಿದ್ದಳು, ಆಗೊಮ್ಮೆ ಈಗೊಮ್ಮೆ ಡ್ರಾ ಎಳೆದು ನೋಡುತ್ತಿದ್ದಳು, ಕೈ ಹಚ್ಚುತ್ತಿರಲಿಲ್ಲ. ಯಾರೂ ಕೆದಕದ ಆ ಪದರವನ್ನು ಕೆದಕಿದವಳು ಅದನ್ನೇ ಓದುವ ನಾನು. ವಸ್ತು ಒಂದೂ ಕಳೆದಿರಲಿಲ್ಲ. ಕಳೆದದ್ದು ನನ್ನ ಪಟ್ಟಿಯಲ್ಲಿ ಬರುವಂಥದ್ದಾಗಿರಲಿಲ್ಲ. ಒಂದು ಫೋಟೊ ತೆಗೆಯಲು ಫೋನು ನನ್ನ ಕೈಯಲ್ಲೇ ಇತ್ತು.

“ತಪ್ಪಾತವ್ವ” ಎಂದೆ. ಅವಳು ಬೈಯಲಿಲ್ಲ, ಬೀಸುಕಲ್ಲಿಗೂ ಬೈದವಳಲ್ಲ. ನನಗೆ ಅದೇ ಹೆದರಿಕೆಯಾಯಿತು. ಇನ್ನು ಹದಿನಾಲ್ಕು ವರ್ಷ ಶಹಾಪುರದ ಮಾತು ಬಂದಾಗಲೆಲ್ಲ ಈ ಡ್ರಾ ಬರುತ್ತದೆ.

ನೋಟ್‌ಬುಕ್ಕು ತಂದು ಪಕ್ಕದಲ್ಲಿ ಕೂತೆ. ಕನ್ನಡಕ ಎಲ್ಲಿತ್ತು ಎಂದು ಕೇಳಿದೆ. “ಎಡಕ್ಕ, ಮುಂದ. ಕಡ್ಡಿ ಮಡಚಿರಲಿಲ್ಲ.” ಟಿಕೇಟು? “ಕನ್ನಡಕದ ಕೆಳಗ. ಸುರಪುರಕ್ಕ ಹೋಗಿ ಬಂದಿದ್ರಲ್ಲ, ಅವತ್ತಿಂದು.” ಅವಳು ಹೇಳುತ್ತ ಹೋದಳು, ನಾನು ಒಂದು ಚೌಕ ಬರೆದು ಅದರೊಳಗೆ ಗುರುತು ಹಾಕುತ್ತ ಹೋದೆ. ಹೇಳುತ್ತ ಹೇಳುತ್ತ ಅವಳೇ ಒಂದೊಂದನ್ನೂ ಡ್ರಾದೊಳಗೆ ಇಟ್ಟಳು. ಸುರಪುರಕ್ಕೆ ಅಪ್ಪ ಯಾಕೆ ಹೋಗಿದ್ದರೆಂದು ಕೇಳಿದೆ. “ಆ ಕಲ್ಲು ಅದ ಏನ್ ನೋಡಾಕ. ಮನಿ ಕೆಡವಿದ್ರಂತ, ಇದ್ದಿಲ್ಲ” ಎಂದಳು. ಇದು ನನಗೆ ಗೊತ್ತೇ ಇರಲಿಲ್ಲ.

ಕೊನೆಗೆ ಒಂದು ಬೀಗದ ಕೈ ಉಳಿಯಿತು. ಎಲ್ಲಿತ್ತೆಂದು ಅವಳಿಗೆ ನೆನಪಾಗಲಿಲ್ಲ, ಯಾವ ಬೀಗದ್ದೆಂದೂ ಗೊತ್ತಿಲ್ಲ. “ಅದಕ್ಕೊಂದು ಚೀಟಿ ಕಟ್ಟಿಡು, ನಿಮ್ಮ ಸಾಲಿಯಾಗ ಕಟ್ತೀರಲ್ಲ, ಹಂಗ” ಎಂದಳು. ತಾರೀಖು ಬರೆದೆ. ಇದ್ದ ಜಾಗ ಎಂಬಲ್ಲಿ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತು, “ಎತ್ತುವಾಗ ತಪ್ಪಿಸಿದ್ದು” ಎಂದು ಬರೆದು ನನ್ನ ಹೆಸರು ಹಾಕಿದೆ.