ಕುಗ್ಗಿದ ಬಾಟಲಿ

ನಾವು ಬಿ.ಎ. ಮಾಡಿದವರು, ಅದೂ ಇತಿಹಾಸದಲ್ಲಿ. ನಮ್ಮ ತೀರ್ಥರೂಪರಾದರೋ ಧಾರವಾಡದಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದ ಮಾಸ್ತರರು. ಮಗ ತಮ್ಮ ದಾರಿ ಹಿಡಿಯಲಿಲ್ಲವೆಂಬ ಕೊರಗು ಅವರಿಗೆ. ಹಿಡಿಯಲಾಗಲಿಲ್ಲವೆಂಬ ಅಳುಕು ನಮಗೆ. ಪುಣೆಯ ನಮ್ಮ ಎರಡು ಕೋಣೆಯ ಮನೆಗೆ ಅವರು ಬಂದಾಗಲೆಲ್ಲ ತಂದೆ-ಮಕ್ಕಳ ಮಾತು "ಊಟ ಆತೇನು?", "ಆತು" ಎಂಬಲ್ಲಿಗೆ ಮುಗಿಯುತ್ತಿತ್ತು.

ಕಳೆದ ಚಳಿಗಾಲದಲ್ಲಿ ಅವರು ಊರಿಗೆ ಹೊರಟ ಬೆಳಿಗ್ಗೆ, ದಾರಿಗೆಂದು ಕುದಿಯುವ ಜೀರಿಗೆ ನೀರನ್ನು ನಾವೇ ಪ್ಲಾಸ್ಟಿಕ್ ಬಾಟಲಿಗೆ ಸುರಿದೆವು. ನೋಡನೋಡುತ್ತಿದ್ದಂತೆ ಬಾಟಲಿ ಮುದುಡಿ ಸೊಟ್ಟಗಾಯಿತು. ನಮ್ಮಾಕೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ನಾವು ಬೈಗುಳಕ್ಕೆ ಸಿದ್ಧರಾಗಿ ನಿಂತೆವು. ತಂದೆಯವರು ಕನ್ನಡಕ ಏರಿಸಿ ಅದನ್ನು ತಿರುಗಿಸಿ ನೋಡಿ, "ತುಪ್ಪ ಕಾಸೋದು ನೋಡಿಲ್ಲೇನೋ?" ಎಂದರು. "ಥಟ್ಟನೆ ಆರಿಸಿದ್ರ ನುಣುಪು, ಸಾವಕಾಶ ಆರಿದ್ರ ಹರಳು ಹರಳು. ಪಾತ್ರೆದ ಯಾವ ಮಗ್ಗಲು ತಣ್ಣಗ ಇರ್ತದೋ ಅಲ್ಲಿಂದನ ಹೆಪ್ಪು ಸುರು. ಇದರ ಕತಿನೂ ಹಂಗ ಅದ."

ಅವರು ಹೇಳಿ, ಆಮೇಲೆ ನಾವು ಓದಿ ತಿಳಿದದ್ದಿಷ್ಟು. ಬಾಟಲಿಯ ವಸ್ತು ಪೆಟ್. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್, ಡಿಕ್ಸನ್ ಎಂಬಿಬ್ಬರು ಕಂಡುಹಿಡಿದದ್ದು. ಅದರ ಅಣುಗಳು ಉದ್ದನೆಯ ಸರಪಳಿಗಳು. ಕಾರ್ಖಾನೆಯಲ್ಲಿ ಬಿಸಿಮಾಡಿ, ಎಳೆದು, ಗಾಳಿ ಊದಿ, ಕೂಡಲೇ ತಣಿಸುತ್ತಾರೆ. ಸರಪಳಿಗಳು ಎಳೆದ ದಿಕ್ಕಿಗೇ ಬಿಗಿದು ನಿಲ್ಲುತ್ತವೆ. ಸುಮಾರು 75 ಡಿಗ್ರಿ ಸೆಲ್ಸಿಯಸ್ ದಾಟಿತೋ, ಹಿಡಿತ ಸಡಿಲಿ ಹಿಂದಕ್ಕೆ ಮುದುಡುತ್ತವೆ. ಇನ್ನೂ ಹೆಚ್ಚಿನ ಬಿಸಿಯನ್ನು ಹದವರಿತು ಕೊಟ್ಟರೆ ಅವೇ ಸಾಲುಗೂಡಿ ಹರಳಾಗುತ್ತವೆ. ಬಿಸಿಬಿಸಿ ಹಣ್ಣಿನ ರಸ ತುಂಬುವ ಕೆಲವು ಬಾಟಲಿಗಳ ಬೆಳ್ಳನೆಯ ಕತ್ತು ಹೀಗೆ ಹರಳುಗಟ್ಟಿಸಿದ್ದು, ಅದು ಸೊಟ್ಟಗಾಗದು.

ಬಿಸಿ ಬರುವ ದಿಕ್ಕೂ ಮುಖ್ಯವಂತೆ. ಕರಗಿದ ಪ್ಲಾಸ್ಟಿಕ್ ಎಲ್ಲ ಕಡೆ ಒಂದೇ ಸಮ ಆರಿದರೆ ಹರಳು ಚೆಂಡಿನಂತೆ ಸುತ್ತಲೂ ಬೆಳೆಯುತ್ತದೆ. ಕಿರಿದಾದ ಬಿಸಿಪಟ್ಟಿಯೊಂದನ್ನು ತುದಿಯಿಂದ ತುದಿಗೆ ಮೆಲ್ಲಗೆ ಸರಿಸಿದರೆ ಹರಳುಗಳು ಅದರ ಬೆನ್ನುಹಿಡಿದು ಒಂದೇ ದಿಕ್ಕಿಗೆ ಸಾಗುತ್ತವೆ. ಅವಸರ ಮಾಡಿದರೆ ಸಾಲು ಕೆಡುತ್ತದೆ. ಒಳಗೆ ನಾರು ಬೆರೆಸಿದ್ದರೆ, ಹರಳು ನಾರಿನ ಮೈಯಿಂದಲೇ ಹೊರಕ್ಕೆ ಬೆಳೆಯುವುದೂ ಉಂಟು.

ಅಂದು ಸ್ಟೇಷನ್ನಿನಲ್ಲಿ ರೈಲು ಹೊರಡುವವರೆಗೂ ತಂದೆಯವರ ಪಾಠ ನಡೆದಿತ್ತು. ಇಷ್ಟು ವರ್ಷದಲ್ಲಿ ನಾವು ಅವರನ್ನು ಪ್ರಶ್ನೆ ಕೇಳಿದ್ದು ಅದೇ ಮೊದಲು. ಈಗ ಭಾನುವಾರಕ್ಕೊಮ್ಮೆ ಫೋನು ಬರುತ್ತದೆ: "ಮುಂದ ಏನು ಓದಿದಿ?"

ನಮ್ಮಾಕೆ ಸ್ಟೀಲಿನ ಫ್ಲಾಸ್ಕು ತಂದಿಟ್ಟಿದ್ದಾಳೆ. ಕುಗ್ಗಿದ ಬಾಟಲಿಯನ್ನು ಮಾತ್ರ ಎಸೆಯಲು ನಾವು ಬಿಟ್ಟಿಲ್ಲ.