ಬೆಂಕಿಯಿಲ್ಲದ ಒಲೆ

ಬೈಂದೂರಿನ ನಮ್ಮ ಮನೆಗೆ ಕಡಲು ಹತ್ತಿರ. ಉಪ್ಪುಗಾಳಿ ಕಿಟಕಿಯ ಸರಳು, ಬಾಗಿಲ ಚಿಲಕ, ಸೈಕಲ್ಲಿನ ಚೈನು ಎಲ್ಲವನ್ನೂ ತಿಂದು ತೇಗಿದ ಮೇಲೆ ಅಡುಗೆಮನೆಯ ಮೈಕ್ರೋವೇವ್ ಒಲೆಯ ಮೇಲೂ ಕಣ್ಣು ಹಾಕಿದ್ದರೆ ಆಶ್ಚರ್ಯವೇನು? ಈ ಸಲದ ಆಷಾಢದ ಮಳೆಯಲ್ಲಿ ಅದು ಒಂದು ವಿಚಿತ್ರ ವ್ರತ ಹಿಡಿಯಿತು. ದೀಪ ಉರಿಯುತ್ತದೆ, ತಟ್ಟೆ ಸುತ್ತುತ್ತದೆ, ಕೊನೆಗೆ ಗಂಟೆಯೂ ಬಾರಿಸುತ್ತದೆ. ಸಾರು ಮಾತ್ರ ತಣ್ಣಗೆ!

ತಂಗಿಯ ಮಗ ಇಂಜಿನಿಯರಿಂಗ್ ಓದುವವನು. ಸ್ಕ್ರೂಡ್ರೈವರ್ ಹಿಡಿದೇ ಬಂದ. ತಡೆದವರು ಪಕ್ಕದ ಮನೆಯ ಹಿರಿಯರು, ಒಂದು ಕಾಲದಲ್ಲಿ ರೇಡಿಯೋ ರಿಪೇರಿ ಮಾಡಿದವರು. "ಏ ಮಾಣಿ, ಅದ್ರ್ ಬೆನ್ನ್ ಬಿಚ್ಚೂಕ್ ಹೋಯ್ಬೇಡ. ಪ್ಲಗ್ ತೆಗ್ದ್ರೂ ಒಳಗ್ ಕರೆಂಟ್ ಇರತ್ತ್!"

ಮಾತು ನಿಜ. ಗೋಡೆಯಲ್ಲಿ ಬರುವ 230 ವೋಲ್ಟನ್ನು ಆ ಪೆಟ್ಟಿಗೆ ತನ್ನೊಳಗೆ 2000ಕ್ಕೂ ಮೇಲೇರಿಸುತ್ತದೆ. ಅದನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಎಂಬ ಡಬ್ಬಿ, ಪ್ಲಗ್ ಕಿತ್ತೊಡನೆ ಬರಿದಾಯಿತೆಂದು ನಂಬುವ ಹಾಗಿಲ್ಲ. ಮುಟ್ಟಿದವನ ಎದೆಬಡಿತವನ್ನೇ ನಿಲ್ಲಿಸಬಲ್ಲದು. ಒಲೆಯೆಂದು ಕರೆದರೂ ಇದರ ಕುಲ ಯುದ್ಧದ್ದು. 1945ರಲ್ಲಿ ಅಮೆರಿಕದ ಪರ್ಸಿ ಸ್ಪೆನ್ಸರ್ ಎಂಬವನು ರಾಡಾರಿನ ಮ್ಯಾಗ್ನೆಟ್ರಾನ್ ಕೊಳವೆಯೆದುರು ನಿಂತಿದ್ದಾಗ ಜೇಬಿನ ಮಿಠಾಯಿ ಕರಗಿತಂತೆ. ಅದೇ ಜಾತಿಯ ಕೊಳವೆ ಈಗ ನಮ್ಮ ಕಡುಬು ಬಿಸಿಮಾಡುತ್ತಿದೆ.

ಹಾಗಾದರೆ ಮನೆಯವರು ಕೈಕಟ್ಟಿ ಕೂರಬೇಕೇ? ಬೇಕಿಲ್ಲ. ಲೋಟದಲ್ಲಿ ನೀರಿಟ್ಟು ಎರಡು ನಿಮಿಷ ನಡೆಸಿ ನೋಡಿದೆವು. (ಬರಿದೇ ನಡೆಸಬಾರದು, ನೀರಿಲ್ಲದಿದ್ದರೆ ಆ ಶಕ್ತಿ ತನ್ನ ಕೊಳವೆಗೇ ತಿರುಗಿ ಬಡಿಯುತ್ತದೆ.) ಸಂಜೆ ವೋಲ್ಟೇಜ್ ಇಳಿದಾಗಲೂ ಕಾವು ತಗ್ಗುವುದುಂಟೆಂದು ಬೆಳಿಗ್ಗೆ ಇನ್ನೊಮ್ಮೆ ನೋಡಿದೆವು. ನೀರು ಬೆಚ್ಚಗೂ ಆಗಲಿಲ್ಲ. ಕಿಡಿ ಹಾರಿದ್ದರೆ ಒಳಗೋಡೆಯ ಅಭ್ರಕದ ಹಾಳೆಗೆ ಒಗ್ಗರಣೆಯ ಜಿಡ್ಡು ಹತ್ತಿ ಸುಟ್ಟಿದೆಯೇ ಎಂದು ನೋಡಬಹುದಿತ್ತು. ಪ್ಲಗ್ ತೆಗೆದು ಒದ್ದೆಬಟ್ಟೆಯಲ್ಲಿ ಜಿಡ್ಡು ಒರೆಸುವುದು ಯಾರಿಗೂ ಬಂದೀತು. ಬಾಗಿಲು ಸರಿಯಾಗಿ ಕೂರದಿದ್ದರೆ ಮಾತ್ರ ಮತ್ತೆ ನಡೆಸಲೇಬಾರದು. ನಮ್ಮದರ ಬಾಗಿಲು ಬಿಗಿಯಾಗಿಯೇ ಇತ್ತು. ರೋಗ ಒಳಗಿನದು.

ಮೂರನೆಯ ದಿನ ಕುಂದಾಪುರದಿಂದ ಮೆಕ್ಯಾನಿಕ್ ಬಂದ. ಬೆನ್ನು ಬಿಚ್ಚಿ, ಏನನ್ನೂ ಮುಟ್ಟುವ ಮೊದಲು, ರಬ್ಬರ್ ಹಿಡಿಯ ತಂತಿಯೊಂದನ್ನು ಆ ಡಬ್ಬಿಗೆ ತಾಗಿಸಿದ. ಕಿಡಿ ಬರಲಿಲ್ಲ. ಮಾಣಿಗೆ ನಿರಾಸೆ: "ಕರೆಂಟೇ ಇರಲಿಲ್ಲವಲ್ಲ!"

"ಇಲ್ದಿದ್ರೂ ಮಾಡ್ಕ್" ಎಂದು ಆತ ತಲೆಯೆತ್ತದೆ ಹೇಳಿದ.

ಸುಟ್ಟಿದ್ದದ್ದು ಬೆರಳುದ್ದದ ಒಂದು ಡಯೋಡ್. ಬದಲಿಸಿ, ಬೆನ್ನು ಮುಚ್ಚಿ, ಬಾಗಿಲ ಸುತ್ತ ಮೀಟರ್ ಹಿಡಿದು ಸೋರಿಕೆಯಿಲ್ಲವೆಂದು ನೋಡಿಕೊಂಡ. ಹೊರಡುವಾಗ ಬಾಗಿಲ ಕೀಲಿನ ಬಳಿ ಹತ್ತತೊಡಗಿದ್ದ ತುಕ್ಕನ್ನು ಬೆರಳಿನಿಂದ ತೋರಿಸಿ, ಇದು ಇನ್ನೊಂದು ಮಳೆಗಾಲ ಕಂಡರೆ ಹೆಚ್ಚು ಎಂದ.