ಕುದುರೆ ಮೇಲಿನ ತಂತಿ

ನಮ್ಮ ಅಂಕಲಿ ಊರವರಿಗೆ ಕುದುರೆ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಶಿತೋಳೆ ಸರಕಾರರ ವಾಡೆಯಿಂದ ಆಳಂದಿಗೆ ಹೊರಡುವ ಜೋಡಿ. ಜ್ಞಾನೇಶ್ವರ ಮಹಾರಾಜರ ಪಾಲಖಿ ಪಂಢರಪುರದ ದಾರಿ ಹಿಡಿಯುವ ಮುಂಚೆ ಇವು ಅಲ್ಲಿ ಮುಟ್ಟಬೇಕು. ಮೂರು ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ನಡೆದೇ ಸವೆಸುತ್ತವೆ. ಒಂದರ ಮೇಲೆ ನಿಶಾನೆ ಹಿಡಿದ ಸವಾರ ಕೂರುತ್ತಾನೆ, ಇನ್ನೊಂದರ ಬೆನ್ನು ಖಾಲಿ. ಆ ಖಾಲಿ ಬೆನ್ನಿನ ಕುದುರೆ ಮಾವುಲಿಯದು, ಅಂದರೆ ಜ್ಞಾನೇಶ್ವರ ಮಹಾರಾಜರದೇ. ಜನ ಮುಗಿಬಿದ್ದು ಕೈ ಮುಗಿಯುವುದು ಅದಕ್ಕೇ. ನಮ್ಮ ಕಡೆ ಮುಂಗಾರಿನ ಲೆಕ್ಕವೂ ಈ ಕುದುರೆಗಳ ಜೊತೆಗೇ ನಡೆಯುತ್ತದೆ. ‘ಕುದರಿ ಹೋಗೂದ್ರಾಗ ಹೊಲ ಹದಾ ಆಗಬೇಕು’ ಎಂದು ನನ್ನ ತಂದೆ ಹೇಳುತ್ತಿದ್ದರು.

ವಾದ್ಯದವರ ಬಾಯಲ್ಲಿ ಕುದುರೆ ಬೇರೆಯೇ ಒಂದು ವಸ್ತು. ತಂಬೂರಿಯ ತಬಲಿ, ಅಂದರೆ ಮೇಲಿನ ಹಲಗೆಯ ಮೇಲೆ ಕೂತು ನಾಲ್ಕು ತಂತಿಗಳನ್ನು ಹೊತ್ತಿರುತ್ತದಲ್ಲ, ಆ ಅಂಗೈಯೊಳಗೆ ಹಿಡಿಸುವ ತುಂಡು. ವಾದ್ಯದ ಮಿಕ್ಕ ಭಾಗವೆಲ್ಲ ಬಡಗಿಯ ಕೆಲಸ ಎಂದರೂ ನಡೆದೀತು, ಕುದುರೆ ಮಾತ್ರ ಕಿವಿಯ ಕೆಲಸ. ಕಳೆದ ಚೈತ್ರದಲ್ಲಿ ನನ್ನ ಅಕ್ಕನ ಮಗ ಒಂದು ಗಿಟಾರು ತಂದು ನನ್ನ ತೊಡೆಯ ಮೇಲಿಟ್ಟು, ‘ಮಾಮಾ, ಇದಕ್ಕ ಎಷ್ಟ ಹೇಳ್ಲಿ?’ ಎಂದು ಕೇಳಿದಾಗ ನಾನು ಮೊದಲು ಬೆರಳಿಟ್ಟದ್ದೂ ಅದರ ಕುದುರೆಯ ಮೇಲೆಯೇ.

ಅವನು ಪುಣೆಯಲ್ಲಿ ಐದು ವರ್ಷ ಪೀಠೋಪಕರಣದ ಕಾರಖಾನೆಯಲ್ಲಿ ದುಡಿದು ಬಂದವನು. ಮರದ ನಾರು ಯಾವ ಕಡೆ ಓಡುತ್ತದೆ ಎಂಬುದನ್ನು ಬೆರಳಿನಿಂದಲೇ ಹೇಳುತ್ತಾನೆ. ಊರಿಗೆ ಬಂದ ಮೇಲೆ ತೋಟದ ಹಳೆಯ ಗಾಣದ ಮನೆಗೆ ಹೊಸ ತಗಡು ಹೊದಿಸಿ ಕೆಲಸ ಹೂಡಿದ. ಎರಡು ವರ್ಷದಲ್ಲಿ ನಾಲ್ಕು ಗಿಟಾರು ಮಾಡಿದ. ಒಂದು ಒಡೆಯಿತು, ಮೂರು ಉಳಿದವು. ಕೇಳಿದವರ ಕೈಯಳತೆಗೆ, ಕಿವಿಯಳತೆಗೆ ಮಾಡಿಕೊಡಬೇಕೆಂಬುದು ಅವನ ಆಸೆ. ಇಪ್ಪತ್ತೆರಡು ಸಾವಿರ ಎಂದು ಬರೆದಿಟ್ಟಿದ್ದ. ನಾನು ಸಂಗೀತ ಕಲಿಸಿದವನು, ಮನೆಯಲ್ಲಿ ಮಿರಜದ ತಂಬೂರಿ ಇದೆ, ನನಗೆ ತಿಳಿಯುತ್ತದೆ ಎಂಬ ನಂಬಿಗೆ ಅವನಿಗೆ. ಆ ನಂಬಿಗೆಗೆ ತಕ್ಕಂತೆ ಯೋಚಿಸಬೇಕೆಂದು ನಾಲ್ಕು ದಿನ ಗಿಟಾರನ್ನು ನನ್ನಲ್ಲೇ ಇಟ್ಟುಕೊಂಡೆ.

ನೋಡಲು ಬಲು ಚೆಂದ. ಸದ್ದು ಹೊರಡುವ ದುಂಡನೆಯ ಬಾಯಿಯ ಸುತ್ತ ಗರಿಗೆದರಿದ ನವಿಲು, ಕತ್ತಿನುದ್ದಕ್ಕೂ ಬಳ್ಳಿ. ಹಿಂಬದಿಗೆ ಬೀಟೆ. ಖಾನಾಪುರ ಕಡೆಯ ಒಂದು ಹಳೆಯ ಮನೆ ಕೆಡವಿದಾಗ ಕೊಂಡ ಮಂಚದ ಹಲಗೆ ಅದು. ಎಣ್ಣೆ ತೀಡಿದರೆ ಒಳಗಿನಿಂದ ಕೆಂಡ ಕಂಡ ಹಾಗೆ ನೇರಳೆ ಗೆರೆಗಳು ಹೊಳೆಯುತ್ತವೆ. ಬೆಲೆಯ ಚೀಟಿಯಲ್ಲಿ ಅವನು ಮೊದಲು ಬರೆದದ್ದು ಬೀಟೆಯ ಹೆಸರನ್ನೇ.

ಬೀಟೆಯ ಬಗ್ಗೆ ಹೆಮ್ಮೆಪಡಲು ಕಾರಣವಿದೆ. ಬ್ರೆಜಿಲ್‌ ತನ್ನ ರೋಸ್‌ವುಡ್‌ ದಿಮ್ಮಿಗಳನ್ನು ಹೊರಗೆ ಬಿಡದೆ ಬಿಗಿ ಹಿಡಿದಾಗ, ಅಮೆರಿಕದ ಮಾರ್ಟಿನ್‌ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಬಂತು. ಅಲ್ಲಿಂದ ಇತ್ತ ಜಗತ್ತಿನ ಒಳ್ಳೆಯ ಗಿಟಾರುಗಳ ಬೆನ್ನಿಗೆ ನಮ್ಮ ಘಟ್ಟಗಳ ಮರ ಸೇರಿಕೊಂಡಿದೆ. 2017ರ ಜನವರಿಯಲ್ಲಿ ಆ ಜಾತಿಯ ಎಲ್ಲ ಮರಗಳ ವಿದೇಶ ವ್ಯಾಪಾರಕ್ಕೂ ಅಂತರರಾಷ್ಟ್ರೀಯ ಕಡಿವಾಣ ಬಿತ್ತು. ತಯಾರಾದ ವಾದ್ಯಗಳಿಗೆ 2019ರಲ್ಲಿ ಸಡಿಲಿಕೆ ಸಿಕ್ಕಿತು. ಆದರೆ ಬೀಟೆಯಿಂದಲೇ ನಾದ ಬರುತ್ತದೆಯೇ? ಇಂಗ್ಲೆಂಡಿನ ಲ್ಯಾಂಕಾಸ್ಟರ್‌ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ್ದಾರೆ. ಎಲ್ಲದರಲ್ಲೂ ಒಂದೇ, ಹಿಂಬದಿ ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆ, ಹೀಗೆ ಆರು ಗಿಟಾರು ಮಾಡಿಸಿದರು. 52 ಜನ ವಾದಕರಿಗೆ ವೆಲ್ಡಿಂಗ್‌ ಮಾಡುವವರ ಕಪ್ಪು ಕನ್ನಡಕ ಹಾಕಿಸಿ, ಮಂದ ಬೆಳಕಿನಲ್ಲಿ ನುಡಿಸಲು ಕೊಟ್ಟರು. ಭಾರತದ ಬೀಟೆಯೂ ಅದರಲ್ಲಿತ್ತು. ದುಬಾರಿ ಮರ, ಅಗ್ಗದ ಮರ ಎಂಬ ಭೇದ ಅವರ ಕಿವಿಗೆ ಹೆಚ್ಚುಕಡಿಮೆ ತಿಳಿಯಲೇ ಇಲ್ಲ. ಅದಕ್ಕೂ ಬಹಳ ಹಿಂದೆ, 1862ರಲ್ಲಿ, ಸ್ಪೇನಿನ ಅಂತೋನಿಯೊ ದೆ ತೋರೆಸ್‌ ಹಿಂಬದಿ ಮತ್ತು ಪಕ್ಕಗಳನ್ನು ಕಾಗದದ ಮುದ್ದೆಯಿಂದಲೇ ಮಾಡಿ, ಮೇಲಿನ ಹಲಗೆಯೊಂದನ್ನು ಮಾತ್ರ ಒಳ್ಳೆಯ ಮರದಿಂದ ಮಾಡಿದ. ನಾದ ಇರುವುದು ಮೇಲಿನ ಹಲಗೆಯಲ್ಲಿ ಎಂದು ತೋರಿಸಿಕೊಟ್ಟ. ನಮ್ಮ ತಂಬೂರಿಯವರು ತಬಲಿಯನ್ನು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಕೆತ್ತುತ್ತ ಬೆರಳ ಗೆಣ್ಣಿನಿಂದ ಬಡಿದು ಬಡಿದು ಆಲಿಸುವುದೂ ಇದಕ್ಕೇ.

ಆದ್ದರಿಂದ ನವಿಲನ್ನೂ ಬೀಟೆಯನ್ನೂ ಮರೆತು ಕಣ್ಣು ಮುಚ್ಚಿ ಕೇಳಿದೆ. ಕೆಳಗಿನ ಸ್ವರಗಳು ತುಂಬಿಕೊಂಡು, ದುಂಡಗೆ ಬರುತ್ತಿದ್ದವು. ಫ್ರೆಟ್‌ಗಳು ಅಳತೆಗೆ ಸರಿಯಾಗಿದ್ದವು. 650 ಮಿಲಿಮೀಟರ್‌ ತಂತಿಗೆ ಮೊದಲ ಫ್ರೆಟ್‌ ಮೂವತ್ತಾರೂವರೆ ಮಿಲಿಮೀಟರ್‌ ಹತ್ತಿರ ಬರಬೇಕು, ಹನ್ನೆರಡನೆಯದು ನಟ್ಟನಡುವೆ ಕೂರಬೇಕು. ಕೂದಲೆಳೆ ತಪ್ಪಿದರೂ ಸ್ವರ ಸೋರುತ್ತದೆ. ಸಿತಾರದಲ್ಲಾದರೆ ದಾರ ಕಟ್ಟಿದ ಮೆಟ್ಟನ್ನು ಸರಿಸಿಕೊಳ್ಳಬಹುದು, ಗಿಟಾರಿನಲ್ಲಿ ಒಮ್ಮೆ ಬಡಿದು ಕೂರಿಸಿದರೆ ಮುಗಿಯಿತು. ಈ ಲೆಕ್ಕದಲ್ಲಿ ಹುಡುಗ ಎಲ್ಲಿಯೂ ತಪ್ಪಿರಲಿಲ್ಲ. ಮೇಲಿನ ತಂತಿಯಲ್ಲಿ ಏಳನೆಯ ಫ್ರೆಟ್ಟಿನ ಹತ್ತಿರ ಒಂದು ಸಣ್ಣ ಝೇಂಕಾರ ಕೇಳಿಸಿತು. ನನಗೆ ಅದು ಹಿತವೆನಿಸಿತು.

ಮರುದಿನ ಚಿಕ್ಕೋಡಿಯ ಒಬ್ಬ ಗಿಟಾರು ಮೇಷ್ಟ್ರಿಗೆ ನುಡಿಸಲು ಕೊಟ್ಟೆ. ಅವರು ಎರಡು ನಿಮಿಷದಲ್ಲಿ ಕೈ ನಿಲ್ಲಿಸಿ, ‘ಸರ್‌, ಇಲ್ಲೆ ತಂತಿ ಒದರಾಕತ್ತೈತ್ರಿ, ಇದನ್ನ ಯಾರೂ ತಗೊಳ್ಳೂದಿಲ್ಲ’ ಎಂದರು. ನಾನು ಹಿತವೆಂದದ್ದನ್ನೇ ಅವರು ದೋಷವೆಂದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನನ್ನ ಕಿವಿ ಪಳಗಿದ್ದು ಜವಾರಿಯಲ್ಲಿ. ತಂಬೂರಿಯ ಕುದುರೆಯ ಮೈ ಚಪ್ಪಟೆ ಅಲ್ಲ, ಕಣ್ಣಿಗೆ ಕಾಣದಷ್ಟು ಬಾಗಿರುತ್ತದೆ. ಮೀಟಿದ ತಂತಿ ಆ ಬಾಗಿನ ಮೇಲೆ ಸವರಿ ಸವರಿ ಎದ್ದಾಗ ಒಂದು ಸ್ವರದೊಳಗಿನಿಂದ ಹತ್ತು ಸ್ವರ ಬಿಚ್ಚಿಕೊಳ್ಳುತ್ತವೆ. ತಂತಿಯ ಕೆಳಗೆ ಒಂದೆಳೆ ನೂಲು ಸೇರಿಸಿ ಹಿಂದೆ ಮುಂದೆ ಸರಿಸಿದರೆ ಅದು ಪೂರ್ತಿ ಅರಳುವ ಜಾಗ ಸಿಗುತ್ತದೆ. ಆ ನೂಲಿಗೆ ಕನ್ನಡದಲ್ಲಿ ಜೀವಾಳ ಎನ್ನುತ್ತಾರೆ. ಕುದುರೆಯ ಮೈ ಉಜ್ಜಿ ಉಜ್ಜಿ ಈ ಗುಣ ತರುವುದೇ ಜವಾರಿ ತೆಗೆಯುವುದು. ನಮ್ಮ ಸೀಮೆಯಲ್ಲಿ ಜವಾರಿ ಎಂದರೆ ನಾಟಿ ಎಂದೂ ಅರ್ಥ: ಜವಾರಿ ಬದನೆಕಾಯಿ, ಜವಾರಿ ಕೋಳಿ, ಜವಾರಿ ಮಾತು. ಎರಡು ಮಾತಿನ ಬೇರು ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ಎರಡನ್ನೂ ಕೇಳಿ ಬೆಳೆದವನಿಗೆ ಒಂದರ ರುಚಿ ಇನ್ನೊಂದಕ್ಕೆ ಹತ್ತಿಕೊಳ್ಳುತ್ತದೆ. ಗಿಟಾರಿನ ಕುದುರೆಯ ಶಿಸ್ತು ಇದಕ್ಕೆ ತದ್ವಿರುದ್ಧ. ಅಲ್ಲಿ ತಂತಿ ಒಂದು ಚೂಪು ಅಂಚಿನಿಂದ ಸ್ವಚ್ಛವಾಗಿ ಏಳಬೇಕು. ಎಲ್ಲಿ ಸವರಿದರೂ ತಪ್ಪು. ಹುಡುಗನೂ ನನ್ನ ತಂಬೂರಿ ಕೇಳಿ ಬೆಳೆದವನು. ಆ ಝೇಂಕಾರ ಅವನಿಗೆ ಕೇಳಿಸಿರಲಿಲ್ಲವೆಂದಲ್ಲ, ಕೇಳಿಸಿ ಒಪ್ಪಿಗೆಯಾಗಿತ್ತು. ಕೊಳ್ಳುವವರ ಕಿವಿ ಯಾವ ವಾದ್ಯದಲ್ಲಿ ಪಳಗಿದೆ ಎಂದು ತಿಳಿಯದೆ ಮಾಡುವವನು ಬೆಲೆ ಕಟ್ಟಲಾರ.

ಬೆಳಿಗ್ಗೆ ಅವನನ್ನು ಕರೆದುಕೊಂಡು ಮಿರಜಕ್ಕೆ ಹೋದೆ. ಅಲ್ಲಿಯ ಕಸುಬಿನ ಕಥೆಯೂ ಒಂದು ಹೊಸ ಉದ್ಯೋಗದ ಕಥೆಯೇ. ಶಿಕಲಗಾರರು ಕತ್ತಿ ಗುರಾಣಿಗೆ ಸಾಣೆ ಹಿಡಿಯುತ್ತಿದ್ದ ಜನ. ಇಂಗ್ಲಿಷರ ಆಳ್ವಿಕೆಯಲ್ಲಿ ಕತ್ತಿಗೆ ಕೆಲಸ ತಪ್ಪಿತು. 1850ರ ಸುಮಾರಿಗೆ ಫರೀದಸಾಹೇಬ ಶಿಕಲಗಾರ ತಂಬೂರಿ ಮಾಡಲು ಕೂತರು. ಪಟವರ್ಧನ ಸಂಸ್ಥಾನದ ಆಸರೆ ಸಿಕ್ಕಿತು. ಉಕ್ಕಿನ ಅಂಚನ್ನು ಕಣ್ಣಿನಿಂದ ಅಳೆಯುತ್ತಿದ್ದ ಕೈ ಕುದುರೆಯ ಬಾಗನ್ನು ಕಿವಿಯಿಂದ ಅಳೆಯಲು ಕಲಿಯಿತು. ಮುಂದೆ ಅಬ್ದುಲ್‌ ಕರೀಂ ಖಾನರು ಮಿರಜದಲ್ಲಿ ನೆಲೆಸಿದರು. ಜವಾರಿ ತೆಗೆಯುವುದರಲ್ಲಿ ಅವರೇ ನಿಷ್ಣಾತರು. ಸ್ವರದ ವಿಷಯದಲ್ಲಿ ಒಂದೆಳೆಯನ್ನೂ ಬಿಟ್ಟುಕೊಡದ ಅಂಥ ಗಿರಾಕಿ ಊರಲ್ಲೇ ಇದ್ದರೆ ಕಸುಬು ಬೆಳೆಯದೆ ಇದ್ದೀತೇ? 1937ರಲ್ಲಿ ಅವರು ತೀರಿಕೊಂಡರು, ಮಿರಜದ ದರ್ಗಾದ ಆವರಣದಲ್ಲಿ ಮಲಗಿದ್ದಾರೆ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಅವರಿಂದ ಗಂಗೂಬಾಯಿಯವರಿಗೆ, ಭೀಮಸೇನರಿಗೆ ಆ ಕಿವಿ ಹರಿದು ಬಂತು. 2024ರಲ್ಲಿ ಮಿರಜದ ಸಿತಾರಕ್ಕೂ ತಾನಪುರಕ್ಕೂ ಭೌಗೋಳಿಕ ಗುರುತು ಸಿಕ್ಕಿತು.

ಅಂಗಡಿಯ ಹಿರಿಯರು ನಮ್ಮ ಗಿಟಾರನ್ನು ತಿರುವಿ ತಿರುವಿ ನೋಡಿದರು. ನವಿಲಿನ ಮೇಲೆ ಕಣ್ಣು ನಿಲ್ಲಿಸಲೇ ಇಲ್ಲ. ಏಳನೆಯ ಫ್ರೆಟ್ಟನ್ನು ಉಗುರಿನಿಂದ ಮುಟ್ಟಿ, ಕತ್ತು ಒಂದಿಷ್ಟು ಏರಿದೆ ಎಂದರು. ‘ಮಳಿ ನೋಡೈತೇನು ಇದು?’ ಎಂದು ಕೇಳಿದರು. ಇಲ್ಲ ಎಂದ ಹುಡುಗ. ಆ ಗಿಟಾರಿನ ಮೇಲಿನ ಹಲಗೆ ಅಂಟಿಸಿದ್ದು ದೀಪಾವಳಿಯಾದ ಮೇಲೆ. ಅವರು ಹೆಚ್ಚೇನೂ ಹೇಳಲಿಲ್ಲ. ತಮ್ಮ ಅಟ್ಟದ ಮೇಲೆ ಒಣಗಲು ಬಿಟ್ಟ ಸೋರೆ ಬುರುಡೆಗಳನ್ನು ತೋರಿಸಿದರು. ಪಂಢರಪುರದ ಕಡೆಯಿಂದ ಬಂದವು, ಮಕ್ಕಳ ತೊಟ್ಟಿಲಿನಷ್ಟು ದೊಡ್ಡವು. ಅವಸರದ ಬುರುಡೆ ಒಂದೂ ಅಲ್ಲಿರಲಿಲ್ಲ.

ದಾರಿಯಲ್ಲಿ ಬೆಲೆಯ ಮಾತು ಬಂತು. ನಾನು ಚೀಟಿಯ ಹಿಂದೆ ಲೆಕ್ಕ ಬರೆಸಿದೆ. ಮರ, ಬಿರಡೆ, ಫ್ರೆಟ್‌ ತಂತಿ, ಎಲುಬು, ಅಂಟು, ವಾರ್ನಿಷ್‌ ಸೇರಿ ಹದಿನಾಲ್ಕೂವರೆ ಸಾವಿರ. ಕೆಲಸ ನೂರಾನಲವತ್ತು ತಾಸು, ಅಂದರೆ ಹದಿನೆಂಟು ದಿನ. ನಮ್ಮೂರ ಗೌಂಡಿಯ ದಿನದ ಪಗಾರ ಒಂಬೈನೂರು ಹಿಡಿದರೂ ಹದಿನಾರು ಸಾವಿರದ ಇನ್ನೂರು. ಕರೆಂಟು, ಮಸೆಕಾಗದ, ಹತಾರದ ಸವಕಳಿ ಎರಡು ಸಾವಿರ. ಒಡೆದುಹೋದ ಆ ಒಂದು ಗಿಟಾರಿನ ಸಾಮಾನಿನ ಖರ್ಚನ್ನು ಉಳಿದ ಮೂರಕ್ಕೆ ಹಂಚಿದರೆ ಒಂದೊಂದಕ್ಕೆ ಐದು ಸಾವಿರದ ಹತ್ತಿರ. ವರ್ಷದೊಳಗೆ ಎರಡು ಸಲ ಸರಿ ಮಾಡಿಕೊಡಲು ಎರಡು ದಿನ. ನಲವತ್ತು ಸಾವಿರದ ಹತ್ತಿರ ಮುಟ್ಟಿತು.

‘ನಲವತ್ತಕ್ಕ ಬೆಂಗಳೂರಾಗ ಹೆಸರಾಂತ ಕಂಪನೀದ ಬರ್ತೈತಿ ಮಾಮಾ. ನನ್ನ ಹೆಸರ ಯಾರಿಗೆ ಗೊತ್ತೈತಿ?’

ಸರಿಯಾದ ಪ್ರಶ್ನೆ. ಬೆಲೆ ಇಳಿಸಿದರೆ ಹೆಸರು ಬಂದೀತೇ ಎಂಬುದು ನನ್ನ ಮರುಪ್ರಶ್ನೆ. ನಮ್ಮ ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿ ಹೊಲಿಯುವವರನ್ನು ನೋಡಿ. ಗಿರಾಕಿಯ ಕಾಲನ್ನು ಕಾಗದದ ಮೇಲಿಟ್ಟು ಗೆರೆ ಎಳೆದು, ಆ ಅಳತೆಗೇ ತೊಗಲು ಕತ್ತರಿಸುವ ಜನ. ಅಳತೆಗೆ ಮಾಡಿಕೊಡುವುದನ್ನು ಅವರಿಗಿಂತ ಚೆನ್ನಾಗಿ ಯಾರು ಬಲ್ಲರು? 2019ರಲ್ಲಿ ಆ ಚಪ್ಪಲಿಗೆ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳ ಹೆಸರಿನಲ್ಲಿ ಭೌಗೋಳಿಕ ಗುರುತು ಬಂತು. ಆದರೂ ಸಂತೆಯಲ್ಲಿ ಕೆಲವು ನೂರು ರೂಪಾಯಿಗೇ ಚೌಕಾಸಿ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಅದೇ ಬಗೆಯ ಚಪ್ಪಲಿ ಮೆಟ್ಟಿಸಿತು. ಲಕ್ಷ ರೂಪಾಯಿಗೂ ಮಿಕ್ಕ ಬೆಲೆಯೆಂದು ಪತ್ರಿಕೆಗಳು ಬರೆದವು. ಗದ್ದಲವಾದ ಮೇಲೆ ಕಂಪನಿ ಆ ವಿನ್ಯಾಸದ ಮೂಲವನ್ನು ಒಪ್ಪಿಕೊಂಡಿತು. ತಲೆಮಾರುಗಳಿಂದ ಅಗ್ಗಕ್ಕೆ ಕೊಟ್ಟದ್ದರಿಂದ ಹೊಲಿಯುವವರ ಹೆಸರು ಬೆಳೆಯಲಿಲ್ಲ. ಮೊದಲು ಹೇಳಿದ ಬೆಲೆ ಬಾಲದಂತೆ ಹಿಂದೆಯೇ ಬಂತು, ಅಷ್ಟೆ. ನನಗೆ ಇದು ಸಿಟ್ಟು ತರಿಸುತ್ತದೆ. ನನ್ನ ಅಕ್ಕನ ಮಗ ಅದೇ ಹಾದಿ ಹಿಡಿಯುವುದು ನನಗೆ ಬೇಡ.

ಹಾಗೆಂದು ನವಿಲು ಕೆತ್ತಿ ಬೆಲೆ ಏರಿಸುವುದೂ ಸರಿಯಲ್ಲ. ಆ ನವಿಲಿಗೆ ಮೂವತ್ತು ತಾಸು ಹೋಗಿದೆ. ಅದೇ ಮೂವತ್ತು ತಾಸು ಕತ್ತಿಗೂ ಕುದುರೆಗೂ ಸಂದಿದ್ದರೆ ಆ ಝೇಂಕಾರ ಇರುತ್ತಿರಲಿಲ್ಲ. ಕಾರಖಾನೆಯ ಗಿಟಾರು ಎಲ್ಲ ಕೈಗೂ ಒಂದೇ ಅಳತೆ: ಉಕ್ಕಿನ ತಂತಿಯದಾದರೆ ಕತ್ತಿನ ತುದಿಯಲ್ಲಿ 43 ಮಿಲಿಮೀಟರ್‌ ಆಸುಪಾಸು ಅಗಲ. ಹನ್ನೆರಡು ವರ್ಷದ ಹುಡುಗಿಯ ಬೆರಳಿಗೂ ಅದೇ, ಕಬ್ಬು ಕಡಿದು ದಪ್ಪಗಾದ ಬೆರಳಿಗೂ ಅದೇ. ಇಲ್ಲಿ ಅವನು ಕೊಡಬಲ್ಲದ್ದನ್ನು ಯಾವ ಕಂಪನಿಯೂ ಕೊಡದು. ಚಪ್ಪಲಿಯವರ ಹಾಗೆ ಕೈಯನ್ನು ಕಾಗದದ ಮೇಲಿಟ್ಟು ಗೆರೆ ಎಳೆಯಲಿ. ತಂತಿ ಎತ್ತರವಾದರೆ, ಹಲಗೆ ಉಬ್ಬಿದರೆ ತಂದು ಕೊಡು, ಸರಿ ಮಾಡುತ್ತೇನೆ ಎನ್ನಲಿ. ಮಿರಜದ ತಂಬೂರಿ ಕೊಂಡವರು ಜವಾರಿಗಾಗಿ ಮತ್ತೆ ಮತ್ತೆ ಅದೇ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ತಂತಿ ಕುದುರೆಯ ಮೇಲೆ ಗೀರು ಹಾಕುತ್ತಲೇ ಇರುತ್ತದೆ, ಜವಾರಿ ಮುಚ್ಚುತ್ತಲೇ ಇರುತ್ತದೆ. ಆ ಬಂದುಹೋಗುವುದರಲ್ಲೇ ಮಾಡಿದವನ ಹೆಸರು ನಿಲ್ಲುತ್ತದೆ.

ಕೊನೆಗೆ ಇಬ್ಬರೂ ಒಪ್ಪಿದ್ದು ಇಷ್ಟು. ಬೆಲೆ ನಲವತ್ತು ಸಾವಿರ. ಕೈಯಳತೆ ಕೊಟ್ಟಾಗ ಅರ್ಧ. ಉಳಿದರ್ಧ, ಗಿಟಾರು ಕೊಂಡವರ ಮನೆಯಲ್ಲಿ ಒಂದು ಮಳೆಗಾಲ ಕಳೆದು, ಆಮೇಲೂ ಸ್ವರ ನಿಂತರೆ. ಒಂದನ್ನು ಚಿಕ್ಕೋಡಿಯ ಮೇಷ್ಟ್ರಿಗೆ ವರ್ಷದ ಮಟ್ಟಿಗೆ ನುಡಿಸಲು ಕೊಡುವುದು, ಅವರ ಶಿಷ್ಯರು ಕೇಳಲಿ. ಹೊಸದಕ್ಕೆ ನವಿಲು ಬೇಡ.

ಮೇಷ್ಟ್ರಿಗೆ ಕೊಡುವ ಗಿಟಾರು ಕುದುರೆ ಹೊರಡುವುದರೊಳಗೆ ಸಿದ್ಧವಾಗಬೇಕೆಂದು ಹುಡುಗ ಹಟ ಹಿಡಿದಿದ್ದ. ಹೊರಟ ಮೇಲೆ ಕೊಡು ಎಂದೆ ನಾನು. ಫ್ರೆಟ್‌ ತೀಡಿ, ಕುದುರೆಯ ಎಲುಬು ಬದಲಿಸಿ, ಗಾಣದ ಮನೆಯ ತೊಲೆಗೆ ತೂಗುಹಾಕಿದ. ಜ್ಯೇಷ್ಠದಲ್ಲಿ ಹಲಗಿ ಬಾರಿಸುತ್ತ, ಗುಲಾಲು ಎರಚುತ್ತ ಜನ ಶಿತೋಳೆಯವರ ಕುದುರೆಗಳನ್ನು ಊರ ಹೊರಗಿನತನಕ ಕಳಿಸಿಬಂದರು. ಮೂರನೆಯ ದಿನ ಮಳೆ ಹಿಡಿಯಿತು. ತಗಡಿನ ಮೇಲೆ ಹನಿ ಬಡಿಯುವ ಸದ್ದಿನಲ್ಲಿ ಅವನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಏಣಿ ಹತ್ತಿ, ಏಳನೆಯ ಫ್ರೆಟ್ಟಿನ ಹತ್ತಿರ ಮೇಲಿನ ತಂತಿಯನ್ನು ಮೀಟಿ, ಕಿವಿ ಹಚ್ಚಿ ಕೇಳುತ್ತಾನೆ.